ಸೂಜಿಯ ತುದಿ

ಅಂದು ಬೆಳಿಗ್ಗೆ ಜಾವಗಲ್ಲಿನಿಂದ ಅರಸೀಕೆರೆವರೆಗೂ ಎಂಥ ಮಂಜು ಕವಿದಿತ್ತೆಂದರೆ, ಜೇನುಕಲ್ ಬೆಟ್ಟವೇ ಎದ್ದು ಎಲ್ಲಿಗೋ ಹೊರಟುಹೋದಂತಿತ್ತು. ಕಂಪನಿ ಬಸ್ಸಿನ ಕಿಟಕಿಯಿಂದ ದಿನವೂ ಬೆಟ್ಟಕ್ಕೆ ಕೈ ಮುಗಿಯುವ ಸಾವಿತ್ರಮ್ಮ, ಅಂದು ಬೆಟ್ಟ ಇರಬೇಕಾದ ಕಡೆಗೆ ಅಂದಾಜಿನ ಮೇಲೆ ಮುಗಿದಳು. ಸೊಸೆಯ ಮಡಿಲು ತುಂಬಿದರೆ ಮೊಮ್ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತುತ್ತೇನೆಂದು ಬೆಟ್ಟದ ಸಿದ್ದೇಶ್ವರನಿಗೆ ಹರಕೆ ಹೊತ್ತಿದ್ದಳು. ಆ ಸೊಸೆ ಸಿರಿ ಇಂದು ಪಕ್ಕದಲ್ಲೇ ಕೂತಿದ್ದಳು, ಗಾರ್ಮೆಂಟ್ಸಿನ ಇಂಟರ್‌ವ್ಯೂಗೆ.

ಮಗ ಚನ್ನೇಶ ತೆಂಗಿನ ಮರದಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ ಮನೆಯ ಒಲೆ ಉರಿಯುತ್ತಿದ್ದುದು ಸಾವಿತ್ರಮ್ಮ ಅದೇ ಗಾರ್ಮೆಂಟ್ಸಿನಲ್ಲಿ ತುಳಿಯುವ ಹೊಲಿಗೆ ಮಷೀನಿನಿಂದ. ಈಗ ಅವಳ ಕಣ್ಣೂ ಮಸುಕಾಗುತ್ತಿತ್ತು. ಅದು ಗೊತ್ತಾಗಿ ಕಂಪನಿಯವರು ತನ್ನನ್ನು ಹೊರಗೆ ಹಾಕುವ ಮೊದಲು ಸೊಸೆ ಒಳಗೆ ಸೇರಿಬಿಡಬೇಕು. ಅವಳಿಗಿದ್ದ ಚಿಂತೆ ಅದೊಂದೇ.

ಬಸ್ಸು ತಡವಾಗಿ ಬಂದಾಗ ಗೇಟಿನಲ್ಲಿ ಸೂಪರ್‌ವೈಸರ್ ಮಧುಕುಮಾರ್ ಕಾಯುತ್ತಿದ್ದ.

"ಏನ್ರೇ, ಗಂಡನ್ ಮಗ್ಗುಲು ಬುಟ್ಟು ಏಳಕಾಗಕಿಲ್ವೇನ್ರೇ? ಮಂಜಂತೆ ಮಂಜು! ಅಂಗಿ ಕೊಳ್ಳೋ ಅಮೇರಿಕದೋನು ಕೇಳ್ತಾನೇನ್ರೇ ಅರಸೀಕೆರೆ ಮಂಜಿನ ಕತೆಯ?"

"ಬಸ್ಸು ಕಂಪ್ನೀದೇ ಅಲ್ವ ಸಾ," ಅದೇ ಬಸ್ಸಿನಲ್ಲಿ ಬಂದ ಪುಷ್ಪಲತಾ ಹಿಂದಿನಿಂದ ಅಂದಳು.

"ಬಾಯ್ಮುಚ್ಚೇ ಬೋಸೂಡಿ."

ಸಿರಿಯನ್ನು ಮ್ಯಾನೇಜರನ ಗಾಜಿನ ರೂಮಿನ ಮುಂದಿನ ಬೆಂಚಿಗೆ ಕಳಿಸಿ ಸಾವಿತ್ರಮ್ಮ ಮಷೀನಿಗೆ ಕೂತಳು. ಬಿಳಿ ಅಂಗಿ, ಕಾಲರಿನ ಕೆಲಸ. ಮಡಿಕೆಯ ಅಂಚು ಕಣ್ಣಿಗೆ ಎರಡಾಗಿ ಕಂಡಿತು. ಬೆರಳು ಮುಂದೆ ಹೋಯಿತು. ಟಕ್ಕೆಂದು ಸೂಜಿ ಬೆರಳಿಗೆ ಇಳಿದು ಮುರಿಯಿತು.

ಅವಳು ಮೊದಲು ಮಾಡಿದ್ದು ಅಂಗಿಯನ್ನು ಪಕ್ಕಕ್ಕೆಳೆದದ್ದು. ಮಷೀನುಗಳ ಆ ಲೈನಿನ ಯಾವ ಹೆಂಗಸಾದರೂ ಹಾಗೇ ಮಾಡುತ್ತಿದ್ದಳು. ಬೆರಳು ಮಾಯುತ್ತದೆ, ಬಿಳಿ ಅಂಗಿಗೆ ತಾಗಿದ ರಕ್ತ ಹೋಗುವುದಿಲ್ಲ. ಆಮೇಲೆ ಲೇಬಲ್ ಪಟ್ಟಿಯ ಚೂರನ್ನು ಬೆರಳಿಗೆ ಸುತ್ತಿ ಮುಷ್ಟಿ ಬಿಗಿದಳು.

ಮುರಿದ ಸೂಜಿಯ ಚೂರುಗಳನ್ನೆಲ್ಲ ಕೂಡಿಸಿ ಒಪ್ಪಿಸಿದರೆ ಮಾತ್ರ ಹೊಸ ಸೂಜಿ. ಒಂದು ಚೂರು ಅಂಗಿಯಲ್ಲೇ ಉಳಿದು ಹೊರದೇಶದವನಿಗೆ ಚುಚ್ಚಿದರೆ? ಅದಕ್ಕೇ ಚೂರು ಸಿಗುವ ತನಕ ಲೈನಿನಲ್ಲಿ ಯಾರೂ ಏಳುವಂತಿರಲಿಲ್ಲ. ನೀರಿಗೂ ಇಲ್ಲ, ಉಚ್ಚೆಗೂ ಇಲ್ಲ.

"ತುದಿ ಎಲ್ಲೇ?" ಸಿಕ್ಕ ಚೂರುಗಳನ್ನು ಕೂಡಿಸಿ ನೋಡಿದ ಮಧುಕುಮಾರ್ ಕೇಳಿದ. "ನುಂಗುದ್ಯೇನೇ ಮುಂಡೆ?"

"ಇಲ್ಲೇ ಎಲ್ಲೋ ಬಿದ್ದಿರ್ಬೇಕು ಸಾ."

ಮಧುಕುಮಾರ್ ಅಯಸ್ಕಾಂತದ ಕೋಲನ್ನು ನೆಲದ ಮೇಲೆಲ್ಲ ಆಡಿಸಿದ. ಹೆಂಗಸರ ಸೆರಗು ಕೊಡವಿಸಿದ, ತುರುಬು ಬಿಚ್ಚಿಸಿದ. ತುದಿ ಸಿಗಲಿಲ್ಲ.

"ಸಾವಿತ್ರಕ್ಕ, ತಡ್ಕಳಕ್ಕಾಯ್ತಿಲ್ಲ ಕಣಕ್ಕ," ಪಕ್ಕದ ಮಷೀನಿನ ಪುಷ್ಪಲತಾ ಕಾಲಿಗೆ ಕಾಲು ಹೆಣೆದುಕೊಂಡು ಪಿಸುಗುಟ್ಟಿದಳು. "ಬೆಳ್ಳು ತೋರ್ಸು, ನೋಡಾನ."

"ಸುಮ್ಕಿರೇ."

ಹಿಂದೊಮ್ಮೆ ಇದೇ ಲೈನಿನ ಗುರುಸಿದ್ದಮ್ಮನ ಬೆರಳಿಗೆ ಸೂಜಿ ಹೊಕ್ಕಿತ್ತು. ಬಟ್ಟೆ ಕಟ್ಟಿದ ಕೈ ತಪಾಸಣೆಗೆ ಬರುವ ಪರದೇಶದವರ ಕಣ್ಣಿಗೆ ಬೀಳಬಾರದೆಂದು ಅವಳನ್ನು ಹಿಂದಿನ ಗೇಟಿನಿಂದ ಮನೆಗೆ ಕಳಿಸಿದ್ದರು. ಮತ್ತೆ ಕರೆಯಲೇ ಇಲ್ಲ. ಇದು ಇಬ್ಬರಿಗೂ ಗೊತ್ತಿತ್ತು.

ಸ್ವಲ್ಪ ಹೊತ್ತಿಗೆ ಪುಷ್ಪಲತಾಳ ಸ್ಟೂಲಿನ ಕೆಳಗೆ ನೆಲ ಒದ್ದೆಯಾಯಿತು. ಯಾರೂ ಆ ಕಡೆ ನೋಡಲಿಲ್ಲ. ನೋಡದೆ ಇರುವುದೊಂದೇ ಅಲ್ಲಿ ಒಬ್ಬರಿಗೊಬ್ಬರು ಮಾಡಬಹುದಾಗಿದ್ದ ಉಪಕಾರ.

ಸಾವಿತ್ರಮ್ಮನ ಮುಷ್ಟಿಯೊಳಗೆ ಬೆರಳು ಪಟಪಟ ಮಿಡಿಯುತ್ತಿತ್ತು. ತುದಿ ಎಲ್ಲಿದೆಯೆಂಬುದು ಅವಳಿಗೆ ಆಗ ತಿಳಿಯಿತು. ಬಾಯಿ ಬಿಡುವ ಮೊದಲೇ ಮಧುಕುಮಾರ್ ರಟ್ಟೆ ಹಿಡಿದು ಅವಳನ್ನು ಗಾಜಿನ ರೂಮಿಗೆ ದಬ್ಬಿಕೊಂಡು ಹೋದ.

ಒಳಗೆ ದೇವರ ಪಟದ ಮುಂದೆ ಊದುಬತ್ತಿ ಉರಿಯುತ್ತಿತ್ತು. ಮ್ಯಾನೇಜರ್ ಮಹಾಂತೇಶನ ಮೇಜಿನ ಮೇಲೆ ಮಾದರಿಗೆಂದು ಇಟ್ಟ ಬಿಳಿ ಅಂಗಿ. ಎದುರಿಗೆ ಸಿರಿ ನಿಂತಿದ್ದಳು.

"ಮಕ್ಳಿಲ್ಲ ಅಂದೆ. ಮುಂದೆ? ನಾವು ಕೆಲ್ಸ ಕಲ್ಸೋದು, ನೀನು ಹೊಟ್ಟೆ ಮುಂದ್ ಮಾಡ್ಕೊಂಡ್ ಬರೋದು, ಇದೇ ಆಗೋಯ್ತು ನಂಗೆ."

ಸಿರಿ ಅತ್ತೆಯ ಮುಖ ನೋಡಿದಳು.

"ಅವ್ಳನ್ನೇನ್ ನೋಡ್ತೀಯ? ಹೊಟ್ಟೆ ನಿಂದು."

"ಮೂರು ವರ್ಸ ಮಕ್ಳು ಮಾಡ್ಕಳಕಿಲ್ಲ ಸಾ."

"ಯಾರಾಣೆ?"

"ಬೆಟ್ಟದ್ ಸಿದ್ದೇಶ್ವರನಾಣೆ."

ಸಾವಿತ್ರಮ್ಮ ಕಿಟಕಿಯ ಕಡೆ ತಿರುಗಿದಳು. ಮಂಜು ಹರಿದಿತ್ತು. ಬೆಟ್ಟ ಇದ್ದಲ್ಲೇ ಇತ್ತು. ಅವಳು ಕೈ ಎತ್ತಲಿಲ್ಲ.

"ಹುಡ್ಗಿ ಪರ್ವಾಗಿಲ್ಲ," ಮಹಾಂತೇಶ ಸಾವಿತ್ರಮ್ಮನತ್ತ ತಿರುಗಿದ. "ನೀನು ತುದಿ ಕೊಟ್ರೆ ಇವತ್ತೇ ಮಷೀನಿಗೆ ಕೂರಿಸ್ತೀನಿ. ಇಲ್ಲ ಅಂದ್ರೆ ಅತ್ತೆ ಸೊಸೆ ಇಬ್ರೂ ಮನೇಗೆ."

ಸಾವಿತ್ರಮ್ಮ ಮುಷ್ಟಿ ಬಿಚ್ಚಿ ಸುತ್ತಿದ್ದ ಪಟ್ಟಿ ತೆಗೆದಳು. ಬೆರಳು ಊದಿ ಕಪ್ಪಾಗಿತ್ತು. ಇನ್ನೊಂದು ಕೈಯ ಉಗುರಿನಿಂದ ಒತ್ತಿ ಒತ್ತಿ ಹಿಂಡಿದಳು. ರಕ್ತದ ಹಿಂದೆಯೇ ತುದಿ ಹೊರಬಂತು.

"ಅಯ್ಯೋ, ಸ್ಯಾಂಪಲ್ಲು! ಕೈ ಆಚೆ ತೆಗಿಯೇ!" ಮಹಾಂತೇಶ ಕೂಗಿದ.

ಅವಳು ತೆಗೆಯಲಿಲ್ಲ. ಅಂಗಿಯ ಕಾಲರಿನ ಮೇಲೆ ಒಂದು ಹನಿ, ಮತ್ತೊಂದು ಹನಿ ಬಿತ್ತು.

"ಒಳಗಿಟ್ಕೊಂಡು ನಾಟ್ಕ ಆಡ್ತಿದ್ಯಾ? ಇನ್ಮೇಲೆ ಈ ಕಡೆ ತಲೆ ಹಾಕ್ಬೇಡ."

"ಹಾಕಕಿಲ್ಲ ಸಾಮಿ."

ಸಾವಿತ್ರಮ್ಮ ಸಿರಿಯ ಕೈ ಹಿಡಿದು ತುದಿಯನ್ನು ಅವಳ ಅಂಗೈಯಲ್ಲಿಟ್ಟಳು.

"ಕೊಡವ್ವ ಸಾಯೇಬ್ರಿಗೆ. ಅವರ್ದು ಅವರ್ಗೆ ಸೇರ್ಲಿ. ಕೊಟ್ರೆ ನಿಂಗೆ ಹೊಸಾ ಸೂಜಿ ಕೊಡ್ತಾರೆ."

ಮಹಾಂತೇಶ ಅದನ್ನು ಮುಟ್ಟಲಿಲ್ಲ. ಚೂರನ್ನು ಇಡಲೆಂದು ಒಂದು ಹಾಳೆಯನ್ನು ಮುಂದಕ್ಕೆ ಸರಿಸಿದ. ಸಿರಿ ತಲೆ ಎತ್ತದೆ, ಅತ್ತೆಯ ರಕ್ತ ಮೆತ್ತಿದ ಆ ಚೂರನ್ನು ಸದ್ದಿಲ್ಲದೆ ಅದರ ಮೇಲಿಟ್ಟಳು.