ಹಳದಿ ಹೋಳು

ರೊಟ್ಟಿ ಬಡಿಯುವ ಸಪ್ಪಳ ನಿಂತಿತು, ಇಷ್ಟು ಬೇಗ ಯಾಕೆ ನಿಂತಿತು ಎಂದು ಕಲ್ಯಾಣಪ್ಪ ತಾಟಿನ ಮುಂದೆ ಕುಳಿತಲ್ಲೇ ಕಿವಿಗೊಟ್ಟ, ಹೆಂಡತಿ ಸರುಬಾಯಿ ಇದ್ದಾಗ ಸಪ್ಪಳ ನಿಂತರೆ ಬುಟ್ಟಿ ತುಂಬಿತೆಂದು ಅರ್ಥ, ಈಗ ನಿಂತರೆ ಲೆಕ್ಕ ಮುಗಿಯಿತೆಂದು, ತಲೆಗೆ ಎರಡು, ಮೇಲೊಂದಿಲ್ಲ, ಸೊಸೆ ಪೂನಮ್ ಎರಡು ರೊಟ್ಟಿ ಇಟ್ಟು ಹೋದಳು, ಅವಳದೇನು ತಪ್ಪು, ಹಿಟ್ಟಿನ ಡಬ್ಬಿಗೆ ಅಳತೆ ಹಾಕಿದವನು ಎದುರಿಗೇ ಕೂತಿದ್ದಾನೆ, ಸರುಬಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಮಗ ವೈಜನಾಥ, ನಿನ್ನೆಯ ಖರ್ಚನ್ನು ಬೆರಳಿನಿಂದ ಕುಟ್ಟಿ ಕುಟ್ಟಿ ಮೊಬೈಲಿನೊಳಗೆ ತುಂಬುತ್ತ, ಹಾಲು, ಸಾಬೂನು, ಅಪ್ಪನ ಎಲಿ-ಅಡಕಿ — ನಲವತ್ತೈದ ವರ್ಷಕ್ಕ ನೌಕರಿ ಬಿಟ್ಟು ಆರಾಮ ಕೂಡ್ತೀನಪ್ಪ, ಆಮ್ಯಾಲ ರೊಕ್ಕಾನೇ ದುಡೀತದ — ಕೂತು ಏನು ಮಾಡುತ್ತೀಯೋ, ಇದನ್ನೇ ತಾನೆ, ಎಣಿಸುವುದನ್ನೇ. ಇವತ್ತು ಸೋಮವಾರ, ಕಾಸಾರಶಿರಸಿಯ ಬಸ್ಸಿಗೆ ಮರುಳಯ್ಯ ಬರುತ್ತಾರೆ, ಜಂಗಮರ ಜೋಳಿಗೆಗೆ ಮುರಿಯದ ರೊಟ್ಟಿಯೇ ಬೀಳಬೇಕು, ಎರಡರಲ್ಲಿ ಒಂದನ್ನು ಮುಟ್ಟದೆ ಇಡುವುದು, ಸರುಬಾಯಿ ತೀರಿಹೋದಂದಿನಿಂದ ಹೀಗೇ, ಉದಗೀರದ ದವಾಖಾನೆಯಲ್ಲಿ ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಅಂದಳಲ್ಲ, ನಾ ಇಲ್ಲಂತ ಸೋಮವಾರದ ರೊಟ್ಟಿ ತಪ್ಪಿಸಬ್ಯಾಡ್ರೀ, ಅಯ್ಯನೋರು ಬರಿಗೈಲೆ ಹೋಗಬಾರ್ದು — ತಪ್ಪಸೂದಿಲ್ಲ ತಗೋ, ನೀ ಮಲಗು — ಆಗ ಈ ಮಗ ಬಾಗಿಲಾಚೆ ನಿಂತು ಬಿಲ್ಲನ್ನು ಮೊಬೈಲಿಗೆ ಏರಿಸುತ್ತಿದ್ದ, ಮನೆಖರ್ಚನ್ನು ಹೋಳು ಮಾಡಿ ತೋರಿಸುವ ಬಣ್ಣಬಣ್ಣದ ಚಕ್ರವೊಂದನ್ನು ತಂದು ಮೂಗಿಗೆ ಹಿಡಿದ, ಈ ಹಳದಿ ಹೋಳು ನೋಡಪ್ಪಾ, ಅವ್ವನ ಔಷಧದ್ದು, ಎಷ್ಟ ತಿನ್ನಾಕತ್ತದ — ತಿನ್ನುತ್ತದಂತೆ, ನಿನಗೆ ಎದೆಹಾಲು ಕುಡಿಸಿದ್ದನ್ನು ಯಾವ ಬಣ್ಣದಲ್ಲಿ ಬರೆದುಕೊಂಡೆ, ಶಿವನೇ, ಊಟದ ಮುಂದೆ ಸಿಟ್ಟು ಬೇಡ, ಬೇಡ.

ಅಪ್ಪಾ, ಇಲ್ಲಿ ನೋಡು, ಈ ತಿಂಗಳ ಹಳದಿ ಹೋಳೇ ಇಲ್ಲ, ಹಿಂಗೇ ನಡೀತಂದ್ರ ಎರಡ ವರ್ಷ ಮೊದಲೇ ನೌಕರಿ ಬಿಡಬಹುದು. ರೀ, ಸುಮ್ಕಿರ್ರಿ, ಏನ್ ಮಾತಾಡ್ತೀರಿ, ಒಳಗಿಂದ ಪೂನಮ್. ಅದೇ ಚಕ್ರ, ಹಳದಿ ಇದ್ದಲ್ಲಿ ಬಾಯಿ ಬಿಟ್ಟಿರಬೇಕಿತ್ತಲ್ಲ, ಇಲ್ಲ, ಕೆಂಪು ಇತ್ತ, ಹಸಿರು ಅತ್ತ ಸರಿದು ಕೂಡಿಕೊಂಡು, ಎಳ್ಳಷ್ಟೂ ಸಂದಿಲ್ಲದೆ, ದುಂಡಗೆ — ಕಲ್ಯಾಣಪ್ಪನ ಕೈ ತಾಟಿಗಿಳಿಯಿತು, ಎರಡೂ ರೊಟ್ಟಿ ಒಟ್ಟಿಗೇ ಸಿಕ್ಕವು, ಮಗನ ಕುತ್ತಿಗೆಯೆಂಬಂತೆ ಹಿಡಿದು ಹರಿದ, ಚರ್ರೆಂದಿತು, ಆಮೇಲೆ ಗಂಟೆ ಕೇಳಿಸಿತು, ಬಾಗಿಲಲ್ಲಿ ಮರುಳಯ್ಯ. ಅಯ್ಯಾರ, ಸ್ಕ್ಯಾನರ್ ಇಟ್ಟೀರೇನ್ರೀ, ಹತ್ತ ರೂಪಾಯಿ ಹಾಕ್ತೀನಿ, ಧರ್ಮದ ಖಾತೆದಾಗ ಬರಕೋತೀನಿ, ಮಗ ನಗುತ್ತಾನೆ. ನಮಗ ರೊಟ್ಟಿ ಸಾಕಪ್ಪಾ, ಸರುಬಾಯಿ ರೊಟ್ಟಿ. ಪೂನಮ್ ಡಬ್ಬಿಗೆ ಕೈ ಹಾಕಿ ಗಂಡನ ಮುಖ ನೋಡಿದಳು, ಆ ನೋಟವನ್ನು ಮರುಳಯ್ಯ ನೋಡಿದರು, ಇರ್ಲಿ ತಾಯಿ, ಒಲಿ ಆರೇದ, ಚಪ್ಪಲಿಯ ಸದ್ದು ಓಣಿಯಲ್ಲಿ ದೂರವಾಗುತ್ತಿದೆ, ಕೂಗಬೇಕು, ಅಯ್ಯನೋರ ನಿಂದರ್ರೀ, ಕೂಗಿ ಏನು ಕೊಡುವುದು, ಈ ಎಂಜಲನ್ನೇ, ಅವಳಿಗೆ ಕೊಟ್ಟ ಮಾತನ್ನು ಮುರಿದ ಕೈ ಮಗನದಲ್ಲ, ತನ್ನದು, ತಾಟಿನಲ್ಲಿ ರೊಟ್ಟಿ ಹರಿದಲ್ಲಿ ಹರಿದಂತೆಯೇ ಇದೆ, ಕಾಣುತ್ತದೆ, ಮುಚ್ಚಿಕೊಳ್ಳುವುದಿಲ್ಲ, ಅದರ ಪಕ್ಕದಲ್ಲೇ ಮೊಬೈಲು, ಅದರೊಳಗಿನ ಚಕ್ರ, ಸಂದಿಲ್ಲದೆ, ದುಂಡಗೆ, ಹಳದಿ ಇಲ್ಲದೆಯೂ ದುಂಡಗೆ, ದುಂಡಗೆ —