ಇನ್ನೊಂದು ಕಡ್ಡಿ

ಹೊಸ ವರ್ಷದ ಹಿಂದಿನ ಸಂಜೆ ಮಾಲನ್ ಚಿಕ್ಕಮ್ಮನ ಮನೆಗೆ ಹೋದವರಿಗೆ ಮೊದಲು ಸಿಗುವುದು ಬೈಗುಳ, ಆಮೇಲೆ ಹೆಬ್ಬಾತಿನ ಊಟ, ಕೊನೆಗೆ ಕಾಕಂಬಿ ಮಿಠಾಯಿ. ಈ ಸಲ ಒಲೆಯ ಮುಂದೆ ನಿಂತು ಪಾಕ ತಿರುವುತ್ತಿದ್ದವಳು ಅವಳ ಅಕ್ಕನ ಮಗಳು ಮೆಡ್ವೆನ್.

"ಲೇ, ತಳ ಹಿಡೀತಿದೆ ನೋಡೇ! ಕೈ ಇಲ್ಲಿ, ಕಣ್ಣು ಬಾಗಿಲ ಹತ್ರ!" ಮಾಲನ್ ಗದರಿದಳು.

ಬಾಗಿಲ ಹತ್ತಿರ ಕೂತಿದ್ದವನು ಕಲ್ಲುಗಣಿಯಲ್ಲಿ ಮಾಡಿಗೆ ಹೊದಿಸುವ ಹಂಚುಗಲ್ಲು ಸೀಳುವ ಲ್ಲಿವೋನ್. ಅವನ ಹೆಸರಿನ ಮೊದಲಕ್ಷರವನ್ನು ಹೇಳಲು ನಾಲಗೆಯ ಪಕ್ಕದಿಂದ ಗಾಳಿ ಬಿಡಬೇಕು. ವೇಲ್ಸಿನವರಿಗಷ್ಟೇ ಬರುವ ವಿದ್ಯೆ ಅದು. ಬರೆಯುವುದು ಸುಲಭ, ಇಂಗ್ಲಿಷಿನ ಸಣ್ಣ 'ಎಲ್'ನಂಥ ಎರಡು ಕಡ್ಡಿ ಅಕ್ಕಪಕ್ಕ ನಿಲ್ಲಿಸಿದರಾಯಿತು. ಆಸಾಮಿ ಬಾಯಿ ತೆರೆಯುತ್ತಿದ್ದದ್ದು ಪ್ರಾರ್ಥನಾ ಮಂದಿರದ ಹಾಡಿಗೆ ಮಾತ್ರ. ಚಳಿಗಾಲವಿಡೀ ಮೆಡ್ವೆನ್ ಮನೆಗೆ ಕಲ್ಲಿದ್ದಲು ಹೊತ್ತು ತರುತ್ತಿದ್ದ, ಇಳಿಸುತ್ತಿದ್ದ, ಹೋಗುತ್ತಿದ್ದ. ಅವಳಿಗೆ ಅವನ ಮೇಲೆ ಪ್ರಾಣ. ಹೇಳಿಕೊಳ್ಳುವುದು ಹೇಗೆ?

ಒಲೆಯ ಪಕ್ಕ ಕೂತು ಎಲ್ಲರ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದವನು ಅಂಚೆಯ ಲೆವಿಸ್. ಮದುವೆಯಾಗು ಎಂದು ಅವನು ಮೆಡ್ವೆನ್ ಬೆನ್ನು ಹತ್ತಿ ಬಹಳ ದಿನವಾಗಿತ್ತು. ಕಾಟ ತಾಳಲಾರದೆ ಅವಳು, "ಮಿಠಾಯಿ ಯಾರ ಅಕ್ಷರ ಬರೆಯುತ್ತೋ ಅವನನ್ನೇ ಕಟ್ಕೋತೀನಿ, ಹೋಗು" ಎಂದುಬಿಟ್ಟಿದ್ದಳು. ಕುದಿಯುವ ಪಾಕವನ್ನು ತಣ್ಣೀರಿಗೆ ಬಿಟ್ಟಾಗ ಯಾವ ಅಕ್ಷರ ಮೂಡುತ್ತದೋ, ಗಂಡನ ಹೆಸರು ಅದರಿಂದಲೇ ಶುರುವಾಗುತ್ತದೆಂಬುದು ಅಲ್ಲಿನವರ ನಂಬಿಕೆ. ಮೆಡ್ವೆನ್ ಪಾಕ ಪ್ರತಿ ವರ್ಷ ಯಾವ ಅಕ್ಷರವೂ ಆಗದೆ ಬಸವನಹುಳುವಿನ ಹಾಗೆ ಸುತ್ತಿಕೊಳ್ಳುತ್ತಿತ್ತು. ಅವಳು ಆ ಹುಳುವನ್ನು ನಂಬಿದ್ದಳು.

ಹುಳು ಕೈಕೊಟ್ಟಿತು. ಚಮಚದಿಂದ ಜಾರಿದ ಪಾಕ ನೀರಿನಲ್ಲಿ ನೆಟ್ಟಗೆ ಒಂದು ಕಡ್ಡಿಯಾಗಿ ನಿಂತಿತು.

"ನನ್ನಕ್ಷರ! ಒಂದು ಕಡ್ಡಿ ಅಂದ್ರೆ ಲೆವಿಸ್!" ಅವನು ಕುಣಿದಾಡಿದ. "ಮೆಡ್ವೆನ್, ಇನ್ನು ಮಾತು ತಪ್ಪೋ ಹಾಗಿಲ್ಲ. ಈಸ್ಟರ್‌ಗೆ ಮದುವೆ. ಹಿಂದಿನ ಕೋಣೆ ನಮ್ಮಮ್ಮನಿಗೆ, ಮುಂದಿನದು ನನ್ನ ಪಾರಿವಾಳಗಳಿಗೆ, ಆಮೇಲೆ..."

ಜೀವಮಾನವಿಡೀ ಈ 'ಆಮೇಲೆ' ಕೇಳುತ್ತಾ ಕೂರಬೇಕಲ್ಲ! ಮೆಡ್ವೆನ್ ಬಾಗಿಲ ಕಡೆ ನೋಡಿದಳು. ಲ್ಲಿವೋನ್ ಬಾಯಿ ತೆರೆದ, ಮುಚ್ಚಿದ. ಲೆವಿಸ್ ಮಾತಿನ ನಡುವೆ ಸೂಜಿ ತೂರಿಸಲೂ ಜಾಗವಿರಲಿಲ್ಲ.

ಮಾಲನ್ ಮೆಡ್ವೆನ್ ಮುಖವನ್ನೂ ಲ್ಲಿವೋನ್ ಮುಖವನ್ನೂ ನೋಡಿದಳು. ಬೆಣ್ಣೆ ಸವರಿದ ಕಲ್ಲಿನ ಮೇಲೆ ಆರುತ್ತಿದ್ದ ಮಿಠಾಯಿಯಲ್ಲಿ ದೊಡ್ಡದೊಂದು ತುಂಡು ಕಿತ್ತು, "ಮೊದಲ ತುಂಡು ಮದುಮಗನಿಗೆ, ಆ ಅನ್ನಪ್ಪ" ಎಂದು ಲೆವಿಸ್ ಬಾಯಿಗೆ ತುರುಕಿದಳು.

ದವಡೆ ಕಚ್ಚಿಕೊಂಡಿತು. ಅಡುಗೆಮನೆ ಆ ಸಂಜೆ ಮೊದಲ ಬಾರಿಗೆ ನಿಶ್ಶಬ್ದವಾಯಿತು.

ಲ್ಲಿವೋನ್ ಎದ್ದು ಬಂದ. ಮೆಡ್ವೆನ್ ಕೈಯಿಂದ ಚಮಚ ತೆಗೆದುಕೊಂಡು ಪಾಕದಲ್ಲಿ ಅದ್ದಿದ. ಕಲ್ಲು ಸೀಳುವ ಕೈ, ಅಲುಗಲಿಲ್ಲ. ಮೊದಲಿನ ಕಡ್ಡಿಯ ಪಕ್ಕ ಅಷ್ಟೇ ಉದ್ದದ ಇನ್ನೊಂದು ಕಡ್ಡಿ ನಿಲ್ಲಿಸಿದ.

"ನಂದಕ್ಕೆ ಎರಡು ಬೇಕು," ಎಂದ. ಕಿವಿ ಕೆಂಪಗಾಗಿತ್ತು.

"ಮ್ಮೋಮ್ಮ!" ಎಂದ ಲೆವಿಸ್. ಮೋಸ ಎಂದಿರಬೇಕು.

"ಮೋಸ ಎಲ್ಲಿಂದ ಬಂತೋ? ಎರಡು ಕಡ್ಡಿ ಸೇರಿದ್ರೆ ನಮ್ಮಲ್ಲಿ ಒಂದೇ ಅಕ್ಷರ. ಶಾಲೇಲಿ ಕಲಿತಿಲ್ವಾ?" ಎಂದಳು ಮಾಲನ್.

ಯಾರಾದರೂ ಮೂರನೆಯದನ್ನು ನಿಲ್ಲಿಸುವ ಮೊದಲು ಮೆಡ್ವೆನ್ ಎರಡೂ ಕಡ್ಡಿಗಳನ್ನು ನೀರಿನಿಂದೆತ್ತಿ ಬಾಯಿಗೆ ಹಾಕಿಕೊಂಡಳು.

"ಒಪ್ಪಿಗೇನಾ?" ಎಂದು ಕೇಳಿದ ಲ್ಲಿವೋನ್.

ಅವಳ ಹಲ್ಲು ಅಂಟಿಕೊಂಡಿತ್ತು, ಹೂಂ ಎನ್ನಲೂ ಆಗಲಿಲ್ಲ. ಆರಿದ ಮಿಠಾಯಿಯನ್ನು ಎಳೆದೆಳೆದು ಹದಕ್ಕೆ ತರಲು ಎದುರುಬದುರು ಇಬ್ಬರು ಬೇಕು, ಇಬ್ಬರ ಕೈಗೂ ಬೆಣ್ಣೆ ಬೇಕು. ಮೆಡ್ವೆನ್ ಬೆಣ್ಣೆಯ ಬಟ್ಟಲು ಎಳೆದುಕೊಂಡು, ಎಲ್ಲರೆದುರಿಗೇ, ಅವನ ಎರಡೂ ಅಂಗೈಗೆ ಬೆಣ್ಣೆ ಸವರಿದಳು.