ಅತ್ತೆಯ ಎಮ್ಮೆಗೆ ಬ್ಯಾಟರಿ

ನಮ್ಮ ಸೋದರತ್ತೆಯ ನಡಿಗೆಯನ್ನು ಮೊದಲ ಸಲ ಕಂಡವರು ಮಂಡಿನೋವೆಂದು ಕನಿಕರಪಡುತ್ತಾರೆ. ನೋವೂ ಇಲ್ಲ, ಗೀವೂ ಇಲ್ಲ. ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಲಿಫ್ಟುಗಳನ್ನು ರಿಪೇರಿ ಮಾಡಿದ ಹೆಂಗಸು. ಎಲ್ಲಿ ಹೆಜ್ಜೆಯಿಡುವುದಿದ್ದರೂ, ಲಿಫ್ಟಿನ ನೆಲ ಮಹಡಿಯ ನೆಲಕ್ಕೆ ಸಮನಾಗಿ ನಿಂತಿದೆಯೋ ಇಲ್ಲವೋ ಎಂಬಂತೆ ಬಲಗಾಲಿನ ತುದಿಯಿಂದ ಮುಟ್ಟಿ ನೋಡಿ, ಆಮೇಲಷ್ಟೇ ಮೈಭಾರವನ್ನು ಒಪ್ಪಿಸುವುದು ಆಕೆಯ ರೂಢಿ. ನಮ್ಮ ನಡುಮನೆಗೂ ಹಾಗೆಯೇ ಬರುತ್ತಾಳೆ, ಐವತ್ತು ವರ್ಷದಿಂದ ಅಲ್ಲಾಡದೆ ಬಿದ್ದಿರುವ ನೆಲವನ್ನೂ ನಂಬದೆ.

ಆಕೆಗಿಂತ ಮೊದಲು ಆಕೆಯ ಕೋಟಿನ ವಾಸನೆ ಬರುತ್ತದೆ. ಮೊಣಕೈಗೆ ಎರಡೆರಡು ತೇಪೆ ಬಿದ್ದ ಆ ಬೂದು ಕೋಟಿಗೆ ಅಪ್ಪಟ ಹರಳೆಣ್ಣೆಯ ಘಾಟು. ಕೈಯಲ್ಲಿ ರೇಡಿಯೊ ಪೆಟ್ಟಿಗೆ ಹಿಡಿದು ಪುಟ್ಟ ವಿಮಾನ ಹಾರಿಸುವುದು ಅತ್ತೆಯ ಭಾನುವಾರದ ವ್ಯಸನ. ಆ ವಿಮಾನದ ಇಂಧನದಲ್ಲಿ ಹರಳೆಣ್ಣೆ ಬೆರೆತಿರುತ್ತದೆ, ಮುಷ್ಟಿಗಾತ್ರದ ಎಂಜಿನ್ನು ಕುಡಿದದ್ದರಲ್ಲಿ ಒಂದಿಷ್ಟನ್ನು ಉರಿಸಿ ಮಿಕ್ಕದ್ದನ್ನು ಹತ್ತಿರ ನಿಂತವರ ಮೇಲೆ ಉಗಿಯುತ್ತದೆ. ಚಿಕ್ಕಂದಿನಲ್ಲಿ ಆಕೆ ಎತ್ತಿಕೊಂಡಾಗಲೆಲ್ಲ ನಾನು ಹರಳೆಣ್ಣೆ ಕುಡಿದ ಮುಖ ಮಾಡುತ್ತಿದ್ದೆನಂತೆ. ಅಮ್ಮ ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾಳೆ.

ಆರಡಿ ಆಳು ಅಡ್ಡ ಮಲಗಿದಷ್ಟು ಅಗಲದ ರೆಕ್ಕೆ, ಕಪ್ಪು ಬಣ್ಣ, ಗಂಭೀರ ಗಮನ: ಆ ವಿಮಾನಕ್ಕೆ ಎಮ್ಮೆ ಎಂದೇ ಹೆಸರು. ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ ಸೇರುವ ನಮ್ಮ ಹದಿನೈದು ಜನರ ಸಂಘದಲ್ಲಿ ಅಷ್ಟು ದೊಡ್ಡದು ಇನ್ನೊಂದಿಲ್ಲ. ಸಂಘದಲ್ಲಿ ಎರಡು ಪಕ್ಷ, ಎಂಜಿನ್ನಿನವರು ಮತ್ತು ಬ್ಯಾಟರಿಯವರು. ಇಬ್ಬರಿಗೂ ಎಣ್ಣೆ ಸೀಗೆಕಾಯಿಯ ನಂಟು. ಅಚ್ಚುಕೂಟದಲ್ಲಿ ಕರಡು ತಿದ್ದಿ ಬದುಕುವ ನಾನು, ಬೆರಳುಗಳ ಮೇಲಿನ ಪ್ರೀತಿಯಿಂದ, ಮೊದಲ ದಿನವೇ ಬ್ಯಾಟರಿ ಪಕ್ಷ ಸೇರಿದವನು. ಕರೆಂಟಿನಿಂದಲೇ ಅನ್ನ ತಿನ್ನುವ ಅತ್ತೆ ಮಾತ್ರ ಎಂಜಿನ್ನಿನ ಕಡೆ. "ವಾರವೆಲ್ಲ ಮೋಟಾರಿನ ಜೊತೆ ಏಗಿ ಏಗಿ ಸಾಕಾಗಿರತ್ತೆ ಕಣೋ. ಭಾನುವಾರವಾದ್ರೂ ಉಸಿರಾಡೋದೊಂದು ಬೇಡ್ವಾ?" ಎನ್ನುತ್ತಿದ್ದಳು.

ಉಸಿರಾಡಿಸುವ ವಿಧಿಯೇ ಒಂದು ವ್ರತ. ಪಂಖವನ್ನು ಬೆರಳಿನಿಂದ ತಟ್ಟಬೇಕು, ಎಂಜಿನ್ನು ಹತ್ತಿಕೊಂಡ ಮೇಲೆ ನೆಲದ ಮೇಲೇ ನಾಲ್ಕೈದು ನಿಮಿಷ ಓಡಿಸಿ ಮೈ ಬಿಸಿ ಮಾಡಿಸಬೇಕು, ತಲೆಯನ್ನು ಎಡಕ್ಕೆ ವಾಲಿಸಿ, ಎಂಜಿನ್ನಿನ ದನಿ ಹದಕ್ಕೆ ಬಂತೇ ಎಂದು ಆಲಿಸುತ್ತ, ಇಂಧನದ ತಿರುಪನ್ನು ಎಳ್ಳಿನಷ್ಟು ತಿರುಗಿಸಬೇಕು. ಆಗ ಆಕೆ ನನ್ನತ್ತ ನೋಡಿ, "ಕೇಳಿಸ್ತಾ?" ಎನ್ನುತ್ತಿದ್ದಳು. ನನಗೆ ಒಂದು ಬಾರಿಯೂ ಏನೂ ಕೇಳಿಸಿದ್ದಿಲ್ಲ. ಕೇಳಿಸಿತೆಂದು ಸುಳ್ಳು ಹೇಳಿಕೊಂಡೇ ಇಪ್ಪತ್ತು ವರ್ಷ ಕಳೆದೆ. ಇಷ್ಟೆಲ್ಲ ಉಪಚಾರ ಪಡೆದ ಎಂಜಿನ್ನು ಹತ್ತು ಹಾರಾಟಕ್ಕೆ ಮೂರರಲ್ಲಿ ಆಕಾಶದಲ್ಲೇ ಕೈಕೊಡುತ್ತಿತ್ತು. ನಾವು ಬ್ಯಾಟರಿಯವರು ಹಲ್ಲುಕಿರಿಯುತ್ತಿದ್ದೆವು. ಅತ್ತೆ, "ಬರ್ತಾಳೆ ಬಿಡು," ಎಂದು, ಸತ್ತ ಎಂಜಿನ್ನಿನ ಎಮ್ಮೆಯನ್ನು ಗಾಳಿಯ ಮೇಲೇ ಜಾರಿಸಿ ತಂದು ಇಳಿಸುತ್ತಿದ್ದಳು.

ಹೀಗಿರುವಾಗ ಆಸ್ಪತ್ರೆಯವರು ಹಸುಗೂಸುಗಳ ವಾರ್ಡನ್ನು ಬಯಲಿನ ಪಕ್ಕಕ್ಕೆ ತಂದರು. ಹೆಡ್ ನರ್ಸ್ ಅವರಿಂದ ಕಾಗದ ಬಂತು: ಬರುವ ಭಾನುವಾರ ಮಧ್ಯಾಹ್ನ, ಕೂಸುಗಳು ಮಲಗಿರುವ ಹೊತ್ತಿನಲ್ಲಿ, ನಿಮ್ಮಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಹಾರಿಸಿ ತೋರಿಸಿ, ಒಂದೇ ಒಂದು ಕೂಸು ಎದ್ದರೂ ಬಯಲಿನ ಗೇಟಿಗೆ ಬೀಗ. ಬೇರೆ ಬಯಲು ನಮಗಿರಲಿಲ್ಲ. ಅದು ಹೋದರೆ ಅತ್ತೆಯ ಭಾನುವಾರಗಳೇ ಹೋದಂತೆ.

ಎಂಜಿನ್ ಪಕ್ಷದವರು ಜಗಳಕ್ಕೆ ತೋಳೇರಿಸಿಕೊಂಡು ಅತ್ತೆಯ ಮನೆಗೆ ಬಂದರು. ಆಕೆ ಅವರಿಗೆಲ್ಲ ಚಹಾ ಕೊಟ್ಟು, "ಕೂಸುಗಳು ನಿಮಗೇನ್ರಪ್ಪಾ ಮಾಡಿದ್ವು? ಮಲಗ್ಲಿ ಬಿಡಿ," ಎಂದು ಕಳಿಸಿಬಿಟ್ಟಳು. ಅವರು ಹೋದ ಮೇಲೆ ಊಟದ ಮೇಜಿನ ಮೇಲೆ ಎಮ್ಮೆಯನ್ನು ಮಲಗಿಸಿ, ನಾಲ್ಕು ಸ್ಕ್ರೂ ಬಿಚ್ಚಿ ಎಂಜಿನ್ನನ್ನು ಹೊರತೆಗೆದು, ಉಣ್ಣೆಯ ಕಾಲುಚೀಲವೊಂದರಲ್ಲಿ ಸುತ್ತಿಟ್ಟಳು. "ಅಳು ಬರ್ತಿದೆ ಕಣೋ, ನಗಬೇಡ," ಎಂದಳು. ಆ ಜಾಗಕ್ಕೆ ಹೊಸ ಮೋಟಾರನ್ನೂ ಬ್ಯಾಟರಿಯನ್ನೂ ಇಬ್ಬರೂ ಸೇರಿ ಕೂರಿಸಿದೆವು.

ಭಾನುವಾರ ವಾರ್ಡಿನ ಕಿಟಕಿಗಳೆಲ್ಲ ತೆರೆದಿದ್ದವು. ಬಯಲಿನ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಹೆಡ್ ನರ್ಸು, ಎದೆಯ ಬಳಿ ಪಿನ್ನಿನಿಂದ ಸಿಕ್ಕಿಸಿಕೊಂಡ ಗಡಿಯಾರವನ್ನು ತಿರುವಿ ನೋಡುತ್ತ ಕುಳಿತಿದ್ದರು. ಅತ್ತೆ ಬ್ಯಾಟರಿ ಜೋಡಿಸಿ ಪಂಖ ತಿರುಗಿಸಿದಳು, ಮೇಜುಫ್ಯಾನಿನಷ್ಟೂ ಸದ್ದಿಲ್ಲ. ನಾನು ನೆಮ್ಮದಿಯಿಂದ ಕಿಟಕಿಗಳನ್ನೇ ನೋಡುತ್ತಿದ್ದೆ. ನಿಮಿಷ ಕಳೆಯಿತು, ಎರಡಾಯಿತು, ನಾಲ್ಕಾಯಿತು. ಇದೇನು ಇನ್ನೂ ಏರಿಲ್ಲವಲ್ಲ ಎಂದು ತಿರುಗಿದರೆ, ಅತ್ತೆ ತಲೆಯನ್ನು ಎಡಕ್ಕೆ ವಾಲಿಸಿ, ಇಲ್ಲದ ತಿರುಪಿಗಾಗಿ ಕೈ ಚಾಚುತ್ತಿದ್ದಾಳೆ! ಅಯ್ಯೋ ದೇವರೇ, ಮೋಟಾರಿಗೆ ಮೈ ಬಿಸಿ ಮಾಡಿಸುತ್ತಿದ್ದಾಳೆ! ಬ್ಯಾಟರಿಗೆ ಆ ಶಾಸ್ತ್ರವೇ ಇಲ್ಲ. ನೆಲದ ಮೇಲೆ ಓಡಿದಷ್ಟೂ ಆಕಾಶಕ್ಕೆ ಖೋತಾ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಇದಕ್ಕೇ. "ಅತ್ತೇ, ಖಾಲಿಯಾಗತ್ತೆ!" ಎಂದು ನಾನು ಪಿಸುಗುಟ್ಟುವಷ್ಟರಲ್ಲಿ ಎಮ್ಮೆ ನೆಲ ಬಿಟ್ಟಾಗಿತ್ತು.

ಎರಡು ಸುತ್ತು ರಾಜಗಾಂಭೀರ್ಯದಿಂದ ಹಾರಿತು. ಮೂರನೆಯ ಸುತ್ತಿಗೆ, ದೂರದಲ್ಲಿದ್ದ ಆಸ್ಪತ್ರೆಯ ಬಟ್ಟೆ ಒಗೆಯುವ ಶೆಡ್ಡಿನ ಮೇಲೆ, ಪಂಖ ನಿಂತುಹೋಯಿತು. ಬ್ಯಾಟರಿ ಬತ್ತುವ ಹೊತ್ತಿಗೆ ಮೋಟಾರು ತಾನಾಗಿ ನಿಂತು, ರೆಕ್ಕೆ ಬಾಲಗಳನ್ನು ಆಡಿಸುವಷ್ಟು ಮಾತ್ರ ಕರೆಂಟು ಉಳಿಯುತ್ತದೆ. ನಮ್ಮ ಪಕ್ಷದ ಒಬ್ಬನಿಗೂ ನಿಂತ ಮೋಟಾರಿನಲ್ಲಿ ಇಳಿಸಿ ಗೊತ್ತಿರಲಿಲ್ಲ. ನಮ್ಮವು ನಿಂತದ್ದೇ ಇಲ್ಲವಲ್ಲ!

"ಬರ್ತಾಳೆ ಬಿಡು," ಎಂದಳು ಅತ್ತೆ.

ಬಂದಳು. ಒಣಹಾಕಿದ ಬಿಳಿ ಹಾಸಿಗೆವಸ್ತ್ರಗಳ ಸಾಲನ್ನು ಗೇಣು ಅಂತರದಲ್ಲಿ ದಾಟಿ, ಬಯಲಿನ ಉದ್ದಕ್ಕೂ ತನ್ನ ನೆರಳನ್ನು ತಾನೇ ಅಟ್ಟಿಕೊಂಡು ಬಂದು, ಹುಲ್ಲಿಗೆ ಗಾಲಿಯಿಟ್ಟು, ಹೆಡ್ ನರ್ಸರ ಕುರ್ಚಿಗೆ ಹತ್ತು ಹೆಜ್ಜೆ ದೂರದಲ್ಲಿ ನಿಂತಳು. ಕಿಟಕಿಗಳಿಂದ ಒಂದು ಕುಂಯ್ ಎಂಬ ದನಿಯೂ ಇಲ್ಲ.

ಅತ್ತೆ ತಿರುಗಿ, ರೂಢಿಯಂತೆ, "ಕೇಳಿಸ್ತಾ?" ಎಂದಳು.

"ಏನೂ ಕೇಳಿಸ್ಲೇ ಇಲ್ವಲ್ಲ!" ಎಂದರು ಹೆಡ್ ನರ್ಸು. "ಕೊನೇಲಂತೂ ಬೇಕೂಂತ್ಲೇ ನಿಲ್ಲಿಸಿ ತಂದ್ರಿ, ಅಲ್ವಾ?"

ನಾನು ಅತ್ತೆಯ ಕೋಟಿನ ತುದಿ ಹಿಡಿದೆಳೆದೆ. ಹೂಂ ಅಂದುಬಿಟ್ಟರೆ ಮುಗಿಯಿತಲ್ಲ! ಈ ಮಹಾತಾಯಿ ಕೇಳಬೇಕಲ್ಲ. "ಬೇಕೂಂತ ಅಲ್ಲಮ್ಮ. ತಪ್ಪು ನಂದೇ. ಸುಮ್ಮನೆ ಓಡಿಸಿ ಬ್ಯಾಟರಿ ಮುಗಿಸಿಬಿಟ್ಟೆ, ಮೇಲೆ ನಿಂತುಹೋಯ್ತು."

ಹೆಡ್ ನರ್ಸು ಗಡಿಯಾರವನ್ನು ಬಿಟ್ಟು ಕುರ್ಚಿಯಿಂದೆದ್ದರು. "ನಿಂತುಹೋದ್ಮೇಲೂ ತರೋರು ಒಬ್ಬರಿದ್ದಾರಲ್ಲ. ನಮ್ಮ ಕೆಲಸದಲ್ಲೂ ಅಂಥವರನ್ನೇ ಹುಡುಕೋದು. ಇವರಿಗೆಲ್ಲ ಇದನ್ನ ಕಲಿಸಿ, ಬಯಲು ಇಟ್ಕೊಳಿ."

ಗೆದ್ದಿದ್ದೆವು! ಕೂಗುವಂತಿಲ್ಲ, ಕೂಸುಗಳು ಎದ್ದಾವು. ಎರಡೂ ಪಕ್ಷದ ಹದಿನಾಲ್ಕು ಜನ ಗಂಡಸರು ಬಾಯಿಗೆ ಕೈ ಅಡ್ಡ ಹಿಡಿದು, ಒಬ್ಬರನ್ನೊಬ್ಬರು ತಬ್ಬಿಕೊಂಡು, ಸದ್ದಿಲ್ಲದೆ ಕುಣಿದೆವು. ಕಿಟಕಿಯಿಂದ ಬಾಣಂತಿಯೊಬ್ಬಳು ನಮ್ಮನ್ನು ಕಂಡು ಬಿದ್ದು ಬಿದ್ದು ನಕ್ಕಳು.

ಈಗ ನಾವೆಲ್ಲ ಬ್ಯಾಟರಿಯವರೇ. ಆದರೆ ಪ್ರತಿ ಭಾನುವಾರ ಮೊದಲ ಹಾರಾಟದಲ್ಲಿ ಅತ್ತೆ ಬಂದು ನಮ್ಮ ಮೋಟಾರನ್ನು ಆಕಾಶದಲ್ಲೇ ನಿಲ್ಲಿಸುವಂತೆ ಮಾಡುತ್ತಾಳೆ; ಬೆವರಿಳಿಸಿಕೊಂಡು ಇಳಿಸುತ್ತೇವೆ.

ಕೈಕೊಡುವ ಯಂತ್ರಗಳೊಡನೆ ಬಾಳಿದವರು ಎಲ್ಲ ಕಸುಬಿನಲ್ಲೂ ಕೆಲವರಿರುತ್ತಾರೆ. ಎಂದೂ ಕೆಡದ ವಸ್ತುಗಳ ಈ ಕಾಲದಲ್ಲಿ ಅವರು ನಮಗೆ ಅತಿ ಜಾಗ್ರತೆಯವರಾಗಿ, ಹಳಬರಾಗಿ, ಒಂದಿಷ್ಟು ನಗೆಪಾಟಲಾಗಿ ಕಾಣುತ್ತಾರೆ. ನೆಲವನ್ನು ಮುಟ್ಟಿ ನೋಡಿ ಹೆಜ್ಜೆಯಿಡುವವರನ್ನು ಕಂಡು ನಾವು ಮಂಡಿನೋವೆಂದು ಕನಿಕರಪಡುತ್ತೇವೆ. ನೆಲವೇ ಇಲ್ಲದ ದಿನ ಅವರ ಕೋಟಿನ ತುದಿ ಹಿಡಿದುಕೊಳ್ಳುತ್ತೇವೆ.